ಕಲ್ಲಿಲ್ಲದೆ ಸಿಕ್ಕ ಪಳೆಯುಳಿಕೆ

ನಮ್ಮ ವಿಭಾಗದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಹೊಸ ವಿದ್ಯಾರ್ಥಿಗಳು ಬಂದಾಗ ಸ್ವಾಗತ ಭಾಷಣದಲ್ಲಿ ಅದನ್ನು ಹೇಳುತ್ತಾರೆ, ಹಳಬರು ಹೋಗುವಾಗ ಬೀಳ್ಕೊಡುಗೆ ಭಾಷಣದಲ್ಲಿ ಮತ್ತೆ ಹೇಳುತ್ತಾರೆ. ನಮ್ಮ ಸರ್ ಒಂದು ಹೊಸ ಪಳೆಯುಳಿಕೆಯನ್ನು ಕಂಡುಹಿಡಿದರಂತೆ. ಪೇಪರಿನಲ್ಲಿ ಬಂತಂತೆ, ಶಾಲು ಹೊದಿಸಿದರಂತೆ. ಇಷ್ಟೆಲ್ಲ ಆದ ಮೇಲೆ, ಯಾರೂ ಕೇಳದಿದ್ದರೂ, ಅವರ ಅಂತರಾತ್ಮವೇ ಅವರನ್ನು ಚುಚ್ಚಿತಂತೆ. ತಾವೇ ಮತ್ತೊಮ್ಮೆ ಪರೀಕ್ಷೆ ಮಾಡಿ, ಇದು ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡು, ಅಚ್ಚಿಗೆ ಹೋಗಬೇಕಿದ್ದ ಲೇಖನವನ್ನು ಹಿಂದಕ್ಕೆ ಪಡೆದರಂತೆ. ವಿಜ್ಞಾನಿ ಅಂದರೆ ಹೀಗಿರಬೇಕು. ಚಪ್ಪಾಳೆ.

ಅಂತರಾತ್ಮದ ವಿಷಯ ನನಗೆ ಗೊತ್ತಿಲ್ಲ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರನ್ನು ನಾನು ಕಂಡಿಲ್ಲ. 'ಯಾರೂ ಕೇಳದಿದ್ದರೂ' ಎನ್ನುವ ಮಾತಿಗೆ ಮಾತ್ರ ನನ್ನ ತಕರಾರಿದೆ. ಕೇಳಿದ್ದೆ. ಸೆಮಿನಾರ್ ಹಾಲಿನಲ್ಲಿ ಎದ್ದು ನಿಂತು ಕೇಳಿದ್ದೆ, ಪ್ರಯೋಗಾಲಯದಲ್ಲಿ ಕೇಳಿದ್ದೆ, ಅವರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದೆ. ಹೆಚ್ಚಿನ ಸಲ ನನಗೆ ಸಿಕ್ಕ ಉತ್ತರ ಒಂದೇ: "ಇದು ಡಿಬೇಟ್ ಅಲ್ಲಮ್ಮ."

ಅವರು ಹಾಗೆನ್ನಲು ಕಾರಣವಿತ್ತು. ನಾನು ದಾವಣಗೆರೆಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ, ಆದರೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಚರ್ಚಾಸ್ಪರ್ಧೆಯ ಹುಡುಗಿ ಎಂದು. ಪಿಯುಸಿಯಿಂದಲೂ ಅದೇ ಕೆಲಸ. ವಿಜ್ಞಾನ ವರವೋ ಶಾಪವೋ, ಮೊಬೈಲು ಬೇಕೋ ಬೇಡವೋ. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಸಂಜೆ ಫಲಕ ಹಿಡಿದು ಫೋಟೋ. ಅಂಥ ಸ್ಪರ್ಧೆಗಳಿಂದ ದೇಶಕ್ಕೆ ಏನೂ ಆಗಿಲ್ಲ, ನನಗೆ ಮಾತ್ರ ಒಂದು ಕೆಟ್ಟ ಅಭ್ಯಾಸ ಅಂಟಿತು: ಯಾರಾದರೂ ಎದೆ ತಟ್ಟಿ ಏನನ್ನಾದರೂ ಹೇಳಿದರೆ, ಅದರ ಯಾವ ಮೂಲೆಯಲ್ಲಿ ಟೊಳ್ಳಿದೆ ಎಂದು ಬೆರಳಿಟ್ಟು ನೋಡುವುದು. ಮನೆಯಲ್ಲಿ ಇದಕ್ಕೆ ಕೊಬ್ಬು ಅನ್ನುತ್ತಾರೆ. ವಿಭಾಗದಲ್ಲಿ ಅದಕ್ಕಿಂತ ಸಭ್ಯವಾದ ಪದ ಬಳಸುತ್ತಿದ್ದರು, ಅರ್ಥ ಅದೇ.

ಇನ್ನು ಆ ಪಳೆಯುಳಿಕೆ ಏನೆಂದು ಹೇಳಬೇಕು. ಸನ್ಮಾನ ಮಾಡಿದವರಿಗೂ ಅದು ಏನೆಂದು ಗೊತ್ತಿರಲಿಲ್ಲ. ಹಾರ ಹಾಕಿದ ಹಿರಿಯರೊಬ್ಬರು ವೇದಿಕೆಯ ಮೇಲೇ ಸರ್ ಕಿವಿಯ ಹತ್ತಿರ ಬಗ್ಗಿ, "ಸ್ಪಂಜು ಅಂದ್ರೆ, ಸರ್, ಈ ಪಾತ್ರೆ ತಿಕ್ಕೋದಾ?" ಎಂದು ಕೇಳಿದ್ದು ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತ್ತು.

ಅಲ್ಲ. ಸ್ಪಂಜು ಒಂದು ಪ್ರಾಣಿ. ನೀರಿನ ತಳದಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುತ್ತದೆ. ಅದರ ಮೈಯೊಳಗೆ ಗಾಜಿನ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಪುಸ್ತಕದಲ್ಲಿ ಅವಕ್ಕೆ ಸ್ಪಿಕ್ಯೂಲ್ ಎನ್ನುತ್ತಾರೆ, ನಾವು ಮುಳ್ಳು ಎಂದೇ ಕರೆಯುತ್ತಿದ್ದೆವು. ಪ್ರಾಣಿ ಸತ್ತರೆ ಮೈ ಕೊಳೆತು ಹೋಗುತ್ತದೆ, ಮುಳ್ಳುಗಳು ಚದುರಿ ಕೆಸರಿಗೆ ಬೀಳುತ್ತವೆ, ಕೆಸರು ಕಾಲಾಂತರದಲ್ಲಿ ಕಲ್ಲಾಗುತ್ತದೆ. ಕೋಟ್ಯಂತರ ವರ್ಷಗಳ ಮೇಲೆ ನಮ್ಮಂಥವರು ಆ ಕಲ್ಲನ್ನು ಆಸಿಡ್‌ನಲ್ಲಿ ಕರಗಿಸುತ್ತೇವೆ. ಸುಣ್ಣ ಕರಗುತ್ತದೆ, ಮುಳ್ಳು ಉಳಿಯುತ್ತದೆ. ಆ ಬಿಡಿ ಮುಳ್ಳುಗಳನ್ನು ನೋಡಿ, ಇದು ಇಂಥ ಸ್ಪಂಜಿನದು ಎಂದು ಹೇಳಬೇಕು.

ಇದು ಎಂಥ ಕೆಲಸ ಅಂದರೆ, ಕಲ್ಯಾಣ ಮಂಟಪದ ಹೊರಗೆ ಬಿಟ್ಟ ಚಪ್ಪಲಿ ನೋಡಿ ಒಳಗೆ ಊಟಕ್ಕೆ ಕೂತವರು ಯಾರ್ಯಾರೆಂದು ಹೇಳುವ ಕೆಲಸ. ಜೊತೆ ಚಪ್ಪಲಿಯಾದರೂ ಅಲ್ಲ, ಒಂಟಿ ಚಪ್ಪಲಿ. ಅದೂ ಜನ ತುಳಿದು, ಒದ್ದು, ರಾಶಿಯಾದ ಮೇಲೆ. ಎರಡೂ ತುದಿ ಚೂಪಾದ ನೇರ ಮುಳ್ಳು ಹವಾಯಿ ಚಪ್ಪಲಿಯಿದ್ದ ಹಾಗೆ: ಎಲ್ಲ ಮನೆತನದವರೂ ಹಾಕುತ್ತಾರೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಒಂದೇ ಸ್ಪಂಜಿನ ಮೈಯಲ್ಲಿ ನಾಲ್ಕಾರು ಬಗೆಯ ಮುಳ್ಳು ಇರುತ್ತವೆ, ಒಂದೇ ಬಗೆಯ ಮುಳ್ಳು ಹತ್ತಾರು ಬಗೆಯ ಸ್ಪಂಜುಗಳಲ್ಲಿರುತ್ತದೆ. ಎಲ್ಲೋ ಅಪರೂಪಕ್ಕೆ, ಇಂಥವರು ಬಿಟ್ಟು ಬೇರೆ ಯಾರೂ ಹಾಕಲಾರರು ಎನ್ನುವಂಥ ವಿಚಿತ್ರ ಪಾದರಕ್ಷೆ ಸಿಗುತ್ತದೆ. ಅದು ಸಿಕ್ಕ ದಿನ ಹಬ್ಬ. ಉಳಿದ ದಿನ 'ಗುರುತಿಸಲಾಗದು' ಎಂದು ಬರೆದು ಬಾಯಿ ಮುಚ್ಚಿಕೊಂಡು ಇರಬೇಕು. ಈ ಎರಡನೆಯ ಭಾಗ ನಮ್ಮ ಸರ್‌ಗೆ ಆಗಿಬರುತ್ತಿರಲಿಲ್ಲ.

ನನಗೆ ಈ ಕೆಲಸ ಕಲಿಸಿದ್ದು ಅಕ್ಕ. ಒಡಹುಟ್ಟಿದವಳಲ್ಲ, ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ಕೊಕ್ಕನೂರಿನ ರೈತರ ಮನೆ ಮಗಳು. ಆವರಗೆರೆಯಲ್ಲಿ, ಹೊಲ ಮುಗಿದು ಲೇಔಟು ಶುರುವಾಗುವ ಜಾಗದಲ್ಲಿ, ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಒಂಟಿ ಕೂದಲಿನ ಕುಂಚವನ್ನು ನೀರಿಗೆ ಅದ್ದಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಮುಳ್ಳನ್ನು ಎತ್ತಿ ಸ್ಲೈಡಿನ ಮೇಲಿಡುವಾಗ ಉಸಿರು ಹಿಡಿಯುವುದನ್ನು ಅವಳೇ ಕಲಿಸಿದ್ದು. ನಾನು ಮಾತಾಡಿದರೆ ಮುಳ್ಳು ಹಾರಿಹೋಗುತ್ತಿತ್ತು. "ಬಾಯಿ ಮುಚ್ಚಿದ್ರೆ ಅರ್ಧ ವಿಜ್ಞಾನಿ ಆಗ್ತಿ ನೋಡು ನೀನು" ಅನ್ನುತ್ತಿದ್ದಳು.

ಅವಳ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಕೊಡಬಹುದಾದ ವಿಸ್ತರಣೆಯನ್ನೆಲ್ಲ ಕೊಟ್ಟಾಗಿತ್ತು. ಆ ವರ್ಷ ಪ್ರಬಂಧ ಸಲ್ಲಿಸದಿದ್ದರೆ ಅಷ್ಟು ವರ್ಷದ ಕೆಲಸ ಕಸದ ಬುಟ್ಟಿಗೆ. ಕೈಯಲ್ಲಿದ್ದದ್ದು ತಮಿಳುನಾಡಿನ ಗಣಿಯೊಂದರಿಂದ ತಂದ ಸುಣ್ಣಕಲ್ಲು, ಒಂದು ಕಾಲದ ಸಮುದ್ರದ ತಳ. ಅದರಲ್ಲಿ ಸಿಕ್ಕಿದ್ದೆಲ್ಲ ಬಹುಪಾಲು ಹವಾಯಿ ಚಪ್ಪಲಿ. ಸರ್ ಪ್ರತಿವಾರ ಬಂದು, "ಏನಾರ ಹೊಸದು ಸಿಕ್ತಾ?" ಅನ್ನುತ್ತಿದ್ದರು. ಇವಳು ತಲೆ ಅಲ್ಲಾಡಿಸುತ್ತಿದ್ದಳು. "ಹಿಂಗಾದ್ರೆ ಹೆಂಗಮ್ಮ?" ಎಂದು ಹೋಗುತ್ತಿದ್ದರು, ಸ್ಪಂಜುಗಳು ಇವಳ ಮಾತು ಕೇಳದೆ ಹಟ ಹಿಡಿದಿವೆಯೇನೋ ಎಂಬಂತೆ.

ಆಮೇಲೆ ಚಕ್ರ ಸಿಕ್ಕಿತು.

ಒಂದು ಚಿಕ್ಕ ಕಡ್ಡಿ, ಎರಡು ತುದಿಗೂ ಹಲ್ಲುಹಲ್ಲಾದ ಗಾಲಿ. ಗಾಡಿಯ ಅಚ್ಚು ಕಳಚಿ ಇಟ್ಟ ಹಾಗೆ. ಅಕ್ಕ ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟಳು. ನಾನೂ ನೋಡಿದೆ. ಚೆಲುವಾಗಿತ್ತು, ಅದನ್ನು ಒಪ್ಪಬೇಕು. ಮುಂದಿನ ಕೆಲವು ವಾರಗಳಲ್ಲಿ ಅಂಥವು ಇನ್ನಷ್ಟು ಸಿಕ್ಕವು. ಎರಡು ಗಾಲಿಯ ಮುಳ್ಳು ಸಿಹಿನೀರಿನ ಸ್ಪಂಜುಗಳ ಗುರುತು. ಬೇಸಿಗೆ ಕಳೆಯಲು ಅವು ಬೀಜದಂಥ ಉಂಡೆಗಳನ್ನು ಮಾಡುತ್ತವೆ, ಆ ಉಂಡೆಗೆ ಕವಚವಾಗಿ ಈ ಗಾಲಿಗಳನ್ನು ಜೋಡಿಸುತ್ತವೆ. ಅಂದರೆ ಸಮುದ್ರದ ಕಲ್ಲಿನಲ್ಲಿ ನದಿಯ ಪ್ರಾಣಿ. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಸರ್ ನಿಲ್ಲಲಿಲ್ಲ. ಅಲ್ಲಿ ಒಂದು ಕಾಲದಲ್ಲಿ ಮಹಾನದಿಯೊಂದು ಸಮುದ್ರ ಸೇರುತ್ತಿತ್ತು ಎಂದರು. ವಾರದೊಳಗೆ ನದಿಗೆ ದಿಕ್ಕು ಬಂತು, ತಿಂಗಳೊಳಗೆ ಅದರ ಮುಖಜಭೂಮಿಯ ನಕ್ಷೆ ಬಂತು. ಪ್ರಾಣಿಗೆ ಹೆಸರೂ ಬಂತು: ತಮ್ಮ ಊರು ಹರಿಹರದ ಹೆಸರನ್ನೇ ಲ್ಯಾಟಿನ್ ಮಾಡಿ ಇಟ್ಟರು. ಆ ಇಡೀ ಲೇಖನದಲ್ಲಿ ನಿಜವಾಗಿದ್ದದ್ದು ಆ ಹೆಸರೊಂದೇ ಎಂದು ಆಗ ಯಾರಿಗೂ ತಿಳಿಯಲಿಲ್ಲ.

ಸನ್ಮಾನಕ್ಕೆ ಮುಂಚೆ ವಿಭಾಗದಲ್ಲಿ ಸೆಮಿನಾರ್ ಆಯಿತು. ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ. ಒಂದರಲ್ಲಿ ಕಲ್ಲಿನ ಹಳೆಯ ನೇರ ಮುಳ್ಳುಗಳು: ಮೈಯೆಲ್ಲ ಸವೆದು, ಹೊಗೆ ಹಿಡಿದ ಲಾಟೀನು ಗಾಜಿನಂತೆ ಮಬ್ಬು. ಇನ್ನೊಂದರಲ್ಲಿ ಗಾಲಿಗಳು: ಇಂದು ಬೆಳಿಗ್ಗೆ ಅಂಗಡಿಯಿಂದ ತಂದ ಲೋಟದಂತೆ ಫಳಫಳ.

ಎದ್ದು ನಿಂತೆ. "ಸರ್, ಎರಡೂ ಒಂದೇ ಕಲ್ಲಲ್ಲಿ ಅಷ್ಟು ಕೋಟಿ ವರ್ಷ ಇದ್ವು. ಒಂದು ಮಾತ್ರ ಮುದುಕಿ ಆಗೈತೆ, ಇನ್ನೊಂದಕ್ಕೆ ಸುಕ್ಕೇ ಇಲ್ಲ. ಯಾಕ?"

ಹಿಂದಿನ ಸಾಲಿನಲ್ಲಿ ನಗು. ಸರ್ ಕೂಡ ನಕ್ಕರು. "ಕೆಲವ್ರ ಮೈಕಟ್ಟು ಹಂಗಿರ್ತೈತಮ್ಮ."

"ಇನ್ನೊಂದು, ಸರ್. ಹೋದ ವರ್ಷದ ಸ್ಲೈಡುಗಳೂ ಇದೇ ಕಲ್ಲಿಂದೇ. ಅದ್ರಲ್ಲಿ ಒಂದೂ ಗಾಲಿ ಇಲ್ವಲ್ಲ?"

"ಸಿಗೋತನಕ ಯಾವ್ದೂ ಸಿಕ್ಕಿರಲ್ಲ. ಕೂಡು. ಇದು ಡಿಬೇಟ್ ಅಲ್ಲಮ್ಮ."

ಚಪ್ಪಾಳೆ ಬಿತ್ತು. ಸಿಗೋತನಕ ಯಾವುದೂ ಸಿಕ್ಕಿರುವುದಿಲ್ಲ: ಇಂಥ ಮಾತಿಗೆ ಚರ್ಚಾಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನವೂ ಸಿಗುವುದಿಲ್ಲ. ಅಕ್ಕ ನನ್ನ ದುಪಟ್ಟದ ತುದಿ ಹಿಡಿದು ಎಳೆದು ಕೂರಿಸಿದಳು.

ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಗಿತ್ತು? ಕಲ್ಲು ಅದೇ, ಆಸಿಡ್ ಅದೇ, ಅಕ್ಕನ ಕೈ ಅದೇ. ನನಗೆ ಹೊಳೆದದ್ದು ಹರಿಹರದಲ್ಲಿ, ಸರ್ ಮನೆಯ ಅಡುಗೆಮನೆಯಲ್ಲಿ, ಅವಲಕ್ಕಿ ತಿನ್ನುತ್ತ ಕೂತಿದ್ದಾಗ. ಸರ್ ಮನೆತನ ತಲೆತಲಾಂತರದಿಂದ ಅಲ್ಲಿ ವ್ಯಾಪಾರ ಮಾಡಿಕೊಂಡು ಬಂದವರು. ಹಣೆಯಲ್ಲಿ ವಿಭೂತಿ ಇಲ್ಲದೆ ಯಾರೂ ಬಾಗಿಲು ದಾಟುವುದಿಲ್ಲ, ಬಂದವರಿಗೆ ಏನನ್ನೂ ಕೊಡದೆ ಕಳಿಸುವುದಿಲ್ಲ. ಲೇಖನದ ಚಿತ್ರಗಳನ್ನು ತಲುಪಿಸಲು ಭಾನುವಾರ ಹೋಗಿದ್ದೆ. ಸರ್ ಇನ್ನೂ ಪೂಜೆಯಲ್ಲಿದ್ದರು. ಅವರ ಹೆಂಡತಿ, ನಮಗೆಲ್ಲ ಆಂಟಿ, ಒಲೆಯ ಮೇಲಿನ ದೊಡ್ಡ ಪಾತ್ರೆಯಿಂದ ನೀರನ್ನು, ಮಡಿಸಿ ಬಿಗಿದ ಬಿಳಿ ಪಂಚೆಯ ಮೂಲಕ, ನೀಲಿ ಕ್ಯಾನಿಗೆ ಸೋಸುತ್ತಿದ್ದರು.

"ಕುಡಿಯಾಕಾ ಆಂಟಿ?"

"ನಿಮ್ಮ ಲ್ಯಾಬಿಗೇ ಕಣಮ್ಮ. ನಿಮ್ಮ ಸರ್‌ಗೆ ನಮ್ಮ ಹೊಳೆ ನೀರೇ ಆಗ್ಬೇಕು. ಕೊತಕೊತ ಕುದಿಸಿ, ಪಂಚೇಲಿ ಸೋಸಿ ಕೊಡ್ತೀನಿ. ಹಿಂಗ್ ಮಾಡಿದ್ ಮ್ಯಾಲ ಒಂದು ಹುಳ ಉಳೀತದಾ, ಹೇಳು?"

ಹುಳ ಉಳಿಯುವುದಿಲ್ಲ. ಆದರೆ ಗಾಜು ಕುದಿಸಿದರೆ ಸಾಯುವುದಿಲ್ಲ, ಪಂಚೆಯ ಎಳೆಗಳ ನಡುವೆ ಅಂಥ ಮುಳ್ಳು ಮೆರವಣಿಗೆ ಹೊರಟು ಹೋಗಬಹುದು.

ಇದಕ್ಕೊಂದು ಹಿನ್ನೆಲೆಯಿದೆ. ವಿಭಾಗದಲ್ಲಿ ಭಟ್ಟಿ ಇಳಿಸಿದ ನೀರು ತಯಾರಿಸುವ ಯಂತ್ರದ ಬಿಸಿ ಮಾಡುವ ಕಾಯಿಲು ಆ ವರ್ಷದ ಶುರುವಿಗೇ ಸುಟ್ಟಿತ್ತು. ರಿಪೇರಿಯ ಫೈಲು ಯಾವುದೋ ಮೇಜಿನ ಮೇಲೆ ಮಲಗಿತ್ತು. ಬೋರಿನ ನೀರಿನಲ್ಲಿ ತೊಳೆದರೆ ಸ್ಲೈಡಿನ ಮೇಲೆ ಉಪ್ಪು ಹರಳುಗಟ್ಟುತ್ತದೆ. ಅದು ನಿಜ, ಆ ಮಟ್ಟಿಗೆ ಸರ್ ಮಾತು ಸರಿ. ಅದಕ್ಕೆ ಅವರು ಕಂಡುಕೊಂಡ ದಾರಿ, ಬೆಳಗಿನ ರೈಲಿನಲ್ಲಿ ತಾವೇ ಕ್ಯಾನು ಹಿಡಿದು ಹೊಳೆಯ ನೀರು ತರುವುದು. ಎಷ್ಟು ಹೆಮ್ಮೆ ಅದರ ಬಗ್ಗೆ! "ನನ್ನ ಲ್ಯಾಬಲ್ಲಿ ಯಾರೂ ಬೋರ್ ನೀರು ಮುಟ್ಟಬ್ಯಾಡ್ರಿ" ಎಂದು ತಾಕೀತು. ಆಸಿಡ್ ಹೋಗುವ ತನಕ ಮುಳ್ಳುಗಳನ್ನು ಮತ್ತೆ ಮತ್ತೆ ತೊಳೆಯಬೇಕು. ನೀರು ಹಾಕು, ತಳ ನಿಲ್ಲಿಸು, ಮೇಲಿನದನ್ನು ಚೆಲ್ಲು, ಮತ್ತೆ ಹಾಕು. ಪ್ರತಿ ಸಲವೂ ಹೊಳೆ ತನ್ನ ಪಾಲಿನ ಕಾಣಿಕೆಯನ್ನು ತಳದಲ್ಲಿ ಬಿಟ್ಟು ಹೋಗುತ್ತಿತ್ತು. ಲೇಖನದಲ್ಲಿ ಮಾತ್ರ 'ಶುದ್ಧ ನೀರಿನಲ್ಲಿ ತೊಳೆಯಲಾಯಿತು' ಎಂಬ ಒಂದು ಸಾಲು. ನಮ್ಮಲ್ಲಿ ಶುದ್ಧ ಎಂದರೆ ಹೊಟ್ಟೆ ಕೆಡದಿರುವುದು, ಇಲ್ಲವೇ ದೇವರ ತಲೆಯ ಮೇಲೆ ಸುರಿಯಬಹುದಾದದ್ದು. ಮೂರನೆಯ ಅರ್ಥವೊಂದು ಇರಬಹುದೆಂದು ಯಾರೂ ಯೋಚಿಸುವುದಿಲ್ಲ.

ಆಂಟಿಯ ಹತ್ತಿರ ಒಂದು ಬಾಟಲಿ ನೀರು ಕೇಳಿ ತಂದೆ. "ತಗೊಂಡ್ ಹೋಗವ್ವ, ಅದ್ರ ರುಚಿನೇ ಬೇರೆ" ಎಂದು ಪ್ರೀತಿಯಿಂದ ಕೊಟ್ಟರು. ವಾಪಸು ಬರುವ ಮುಂಚೆ ಸೇತುವೆಯ ಕೆಳಗೆ ಇಳಿದೆ. ಬೇಸಿಗೆ, ಹೊಳೆ ಇಳಿದಿತ್ತು. ಬಂಡೆಯ ಕೆಳಮೈಗೆ ಹಸಿರುಗಂದು ಬಣ್ಣದ ಒರಟು ಹಕ್ಕಳೆ ಅಂಟಿತ್ತು. ಕೆರೆದು ಪೊಟ್ಟಣ ಕಟ್ಟಿಕೊಂಡೆ. ಅದೇ ಸ್ಪಂಜು, ಪಾಪ, ಯಾವ ಸನ್ಮಾನವೂ ಇಲ್ಲದೆ ಅಲ್ಲೇ ಬದುಕಿಕೊಂಡಿತ್ತು. ರೈಲಿನಲ್ಲಿ ದಾವಣಗೆರೆ ಮುಟ್ಟುವ ತನಕ ಬೆರಳು ತುರಿಸುತ್ತಲೇ ಇತ್ತು.

ಮರುದಿನ ಬಾಟಲಿಯ ತಳದ ಗಸಿಯನ್ನು ಸ್ಲೈಡಿಗೆ ಹಾಕಿದೆ. ಗಾಲಿ. ಹಕ್ಕಳೆಯನ್ನು ಆಸಿಡ್‌ನಲ್ಲಿ ಸುಟ್ಟೆ. ಗಾಲಿಗಳ ಸಂತೆ. ಕೊನೆಗೆ ಸರ್ ಅವರ ಸ್ಲೈಡನ್ನೇ ಇಟ್ಟು, ಕಲ್ಲು ಓದುವ ಭೂವಿಜ್ಞಾನಿಗಳು ದಿನಾ ಬಳಸುವ ಪರೀಕ್ಷೆ ಮಾಡಿದೆ. ಬೆಳಕಿನ ದಾರಿಗೆ ಎರಡು ಪೋಲರಾಯ್ಡ್ ಫಿಲ್ಟರ್‌ಗಳನ್ನು ಅಡ್ಡಡ್ಡ ಇಟ್ಟರೆ ಹರಳು ಹೊಳೆಯುತ್ತದೆ, ಗಾಜು ಕಪ್ಪಾಗಿ ಮಾಯವಾಗುತ್ತದೆ. ಸ್ಪಂಜಿನ ಮುಳ್ಳು ಹೊಸದಿದ್ದಾಗ ಗಾಜು. ಅಷ್ಟು ಕಾಲ ಕಲ್ಲಿನಲ್ಲಿ ಕೂತರೆ ನಿಧಾನವಾಗಿ ಹರಳಾಗುತ್ತದೆ. ಹಳೆಯ ನೇರ ಮುಳ್ಳುಗಳು ಕತ್ತಲಲ್ಲಿ ಮಿಣಮಿಣ ಎಂದವು. ಗಾಲಿಗಳು ಒಂದೂ ಉಳಿಯದೆ ಮಾಯವಾದವು.

ಅಕ್ಕನಿಗೆ ಹೇಳಿದ್ದು ಸಂಜೆ, ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ. ಅವಳು ಮಿರ್ಚಿಯನ್ನು ಬಾಯಿಗೆ ಒಯ್ಯುತ್ತಿದ್ದವಳು ತಟ್ಟೆಗೆ ಇಟ್ಟಳು.

"ಯಾರಿಗೆ ಹೇಳಿದಿ?"

"ನಿನಗೇ ಮೊದಲು."

"ಇನ್ಯಾರಿಗೂ ಹೇಳಬ್ಯಾಡ."

"ಅಕ್ಕ, ಅಚ್ಚಾಗತೈತೆ ಅದು."

"ಗೊತ್ತೈತೆ ಲೇ. ನನ್ನ ಪ್ರಬಂಧದ ದೊಡ್ಡ ಅಧ್ಯಾಯ ಅದೇ. ಅದನ್ನ ಕಿತ್ತರೆ ಉಳಿಯೋದು ಏನು? ಬರೀ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಅದಕ್ಕೆ ಡಾಕ್ಟರೇಟ್ ಕೊಡ್ತಾರಾ?" ತಟ್ಟೆಯನ್ನು ಆಚೆ ಸರಿಸಿ, "ನೀ ಗೆದ್ದಿ ಬಿಡು. ಟ್ರೋಫಿ ಎಲ್ಲಿಡ್ತಿ?" ಅಂದಳು.

"ಇದು ಗೆಲುವಲ್ಲ ಅಕ್ಕ."

"ಮತ್ಯಾರ್ದು ಗೆಲುವು? ಸ್ಪಂಜಿಂದಾ?"

ನಾನು ಬಿಡಲಿಲ್ಲ. ಪರೀಕ್ಷಕರಲ್ಲಿ ಒಬ್ಬರಾದರೂ ಹೊಳೆಯ ಸ್ಪಂಜು ನೋಡಿದವರಿರುತ್ತಾರೆ, ಆ ಫಿಲ್ಟರ್ ತಿರುಗಿಸಲು ಅವರಿಗೆ ಅರೆ ನಿಮಿಷ ಸಾಕು, ಆಗ ಒಂದು ಅಧ್ಯಾಯವಲ್ಲ, ಇಡೀ ಪ್ರಬಂಧ ಹೋಗುತ್ತದೆ ಎಂದೆ. ಅಂಗಡಿಯವನು "ಇನ್ನೊಂದು ಪ್ಲೇಟ್ ಹಾಕ್ಲೇನ್ರಿ?" ಎಂದು ಎರಡು ಸಲ ಕೇಳಿದ. ಅಕ್ಕ ಅವನ ಕೈಗೆ ದುಡ್ಡಿಟ್ಟು ಹೊರಟು ಹೋದಳು.

ಆದರೆ ಮರುದಿನ ನಾನು ಹೋಗುವಷ್ಟರಲ್ಲಿ ಅವಳು ಪ್ರಯೋಗಾಲಯದಲ್ಲಿದ್ದಳು. ಬೀಕರಿನಲ್ಲಿ ಆಸಿಡ್ ಇತ್ತು, ಕಲ್ಲು ಇರಲಿಲ್ಲ. ಖಾಲಿ ಆಸಿಡ್ಡನ್ನೇ, ಕಲ್ಲು ಇದ್ದಿದ್ದರೆ ಹೇಗೋ ಹಾಗೆ, ಅದೇ ಕ್ಯಾನಿನ ನೀರಿನಲ್ಲಿ, ಒಂದು ತೊಳೆತವನ್ನೂ ಬಿಡದೆ ತೊಳೆದಳು. "ನಿನ್ನ ಬಾಟಲಿ, ನಿನ್ನ ಪೊಟ್ಟಣ ಯಾರಿಗೆ ಬೇಕು? ನನ್ನ ಕ್ರಮದಲ್ಲೇ ಬರಬೇಕು, ಆಗ ನಂಬ್ತೀನಿ" ಎಂದಳು. ಆ ದಿನ ಅವಳ ಮುಂದೆ ನನ್ನ ಫಲಕಗಳೆಲ್ಲ ತಗಡು ಅನ್ನಿಸಿದವು.

ತಳದಲ್ಲಿ ಗಾಲಿಗಳು ಬಂದವು. ಇಬ್ಬರೂ ಸ್ಲೈಡು ಹಿಡಿದು ಸರ್ ಹತ್ತಿರ ಹೋದೆವು. ಅವರು ನೋಡಿ ಮುಖ ಅರಳಿಸಿದರು.

"ಭಾಳ ಚೊಲೋ ಬಂದಾವಲ್ಲ! ಯಾವ ಕಲ್ಲಮ್ಮ ಇದು?"

"ಕಲ್ಲಿಲ್ಲ ಸರ್" ಎಂದಳು ಅಕ್ಕ.

"ಅಂದ್ರೆ?"

"ಕಲ್ಲು ಹಾಕಿಲ್ಲ ಸರ್. ಆಸಿಡ್, ನೀರು ಅಷ್ಟೇ."

"ಕಲ್ಲಿಲ್ದೆ ಇವು ಹೆಂಗೆ ಬಂದ್ವು?"

"ಅದನ್ನೇ ಕೇಳಾಕ ಬಂದೀವಿ ಸರ್" ಎಂದೆ ನಾನು.

ಅವರು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಸ್ಲೈಡನ್ನು ಆ ಕಡೆ ಈ ಕಡೆ ಸರಿಸಿದರು. ಅದರಲ್ಲಿ ನೋಡಲು ಇನ್ನೇನೂ ಉಳಿದಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಹೊಳೆ ನೀರು ಹೊಲಸು ಅಂತೀಯಾ? ನಮ್ಮಜ್ಜನ ಕಾಲದಿಂದ ಅದನ್ನೇ ಕುಡಿದು ಬೆಳೆದೀವಿ ನಾವು."

"ಕುಡೀರಿ ಸರ್, ಬ್ಯಾಡ ಅಂದಿಲ್ಲ. ಅದರಲ್ಲಿ ತೊಳೀಬ್ಯಾಡ್ರಿ ಅಂದೆ."

"ಮನೇಲಿ ಅವಳು ಕುದಿಸಿ ಸೋಸಿ ಕೊಟ್ಟದ್ದು. ನಿನಗೇನು ಗೊತ್ತು?" ಧ್ವನಿ ಏರಿತು. ಪಳೆಯುಳಿಕೆಯ ವಾದ ಹೆಂಡತಿಯ ಮರ್ಯಾದೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ವಾದಿಸಲು ದಾರಿಯಿರಲಿಲ್ಲ. ಕೊನೆಗೆ ಗಡಿಯಾರ ನೋಡಿ, "ಊಟ ಆಯ್ತಾ ನಿಮ್ದು? ಹೋಗ್ರಿ" ಎಂದರು.

ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಭೆ ಕರೆದರು. ಎದ್ದು ನಿಂತು, ವಿಜ್ಞಾನದಲ್ಲಿ ಅಹಂಕಾರಕ್ಕೆ ಜಾಗವಿಲ್ಲ, ನನಗೇ ಒಂದು ಸಂಶಯ ಬಂತು, ಮರುಪರೀಕ್ಷೆ ಮಾಡಿದೆ, ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದರು. ಧ್ವನಿ ಗದ್ಗದವಾಗಿತ್ತು. ಕೆಲವರು ಕಣ್ಣೊರೆಸಿಕೊಂಡರು. ಚಪ್ಪಾಳೆಯ ನಡುವೆ ಇನ್ನೊಂದು ವಾಕ್ಯ ಬಂತು, ಸ್ವಾಗತ ಭಾಷಣಗಳಲ್ಲಿ ಈಗ ಹೇಳದ ವಾಕ್ಯ: "ಮಾದರಿ ತೊಳೆಯುವಾಗ ವಿದ್ಯಾರ್ಥಿನಿಯಿಂದ ಆದ ಸಣ್ಣ ಅಜಾಗರೂಕತೆ."

ಶಾಲು ಅವರದು, ಪ್ರಾಮಾಣಿಕತೆ ಅವರದು, ಅಜಾಗರೂಕತೆ ಮಾತ್ರ ವಿದ್ಯಾರ್ಥಿನಿಯದು. ಹಂಚಿಕೆ ನೋಡಿ. ನಾನು ಏಳಲು ಹೋದೆ. ಅಕ್ಕ ಈ ಸಲ ದುಪಟ್ಟ ಎಳೆಯಲಿಲ್ಲ, ಮಣಿಕಟ್ಟನ್ನೇ ಹಿಡಿದಳು.

ಉಳಿದ ತಿಂಗಳುಗಳಲ್ಲಿ ಅವಳು ಪ್ರಬಂಧವನ್ನು ಹೊಸದಾಗಿ ಬರೆದಳು. ನದಿ ಹೋಯಿತು, ನಕ್ಷೆ ಹೋಯಿತು. ಬೇರೆ ವಿಭಾಗದವರನ್ನು ಕಾಡಿ ಬೇಡಿ ಭಟ್ಟಿ ಇಳಿಸಿದ ನೀರು ತಂದು, ಎಲ್ಲ ಮಾದರಿಗಳನ್ನೂ ಮತ್ತೆ ಮಾಡಿದಳು. ನಾನು ಓದಿ ಕೊಡುತ್ತಿದ್ದೆ. ಒಂದು ಜಾಗದಲ್ಲಿ, ಇದನ್ನು ಇಂಥ ಕುಟುಂಬಕ್ಕೆ ಸೇರಿಸಬಹುದಲ್ಲ, ಹತ್ತಿರ ಹತ್ತಿರ ಐತೆ, ಪರೀಕ್ಷಕರಿಗೂ ಚೆಂದ ಕಾಣುತ್ತದೆ ಎಂದೆ. "ಹತ್ತಿರ ಐತೆ ಅಂದ್ರೆ ಸಾಕ್ಷಿ ಆಯ್ತೇನು?" ಎಂದು ನನ್ನನ್ನೇ ಬೈದಳು. 'ಗುರುತಿಸಲಾಗದು' ಎಂದೇ ಬರೆದಳು. ಪುಟದ ಮೇಲೆ ಪುಟ. ಅಷ್ಟು ಧೈರ್ಯದ ಪುಸ್ತಕವನ್ನು ನಾನು ನಮ್ಮ ವಿಭಾಗದ ಕಪಾಟಿನಲ್ಲಿ ಬೇರೆ ನೋಡಿಲ್ಲ. ಅಲ್ಲಿರುವ ಉಳಿದವುಗಳಲ್ಲಿ ಎಲ್ಲವನ್ನೂ ಗುರುತಿಸಲಾಗಿದೆ.

ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಗಂಭೀರ ಮನುಷ್ಯ. ಚೆನ್ನಾಗಿ ಓದಿಕೊಂಡು ಬಂದಿದ್ದರು. 'ಗುರುತಿಸಲಾಗದು' ಎಂಬ ಪುಟಗಳನ್ನು ಮೆಚ್ಚಿಕೊಂಡರು. ಅಕ್ಕನ ಭುಜ ಇಳಿದದ್ದು ನನಗೆ ಹಿಂದಿನಿಂದ ಕಂಡಿತು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಒಂದೇ ಪ್ರಶ್ನೆಯಮ್ಮ. ಹಿಂದಕ್ಕೆ ಪಡೆದ ಲೇಖನದ ಸುದ್ದಿ ಕೇಳಿದ್ದೇನೆ. ನದಿಯ ಮುಳ್ಳುಗಳು ನಿಮ್ಮ ಮಾದರಿಗೆ ಸೇರಿದ್ದು ಹೇಗೆ?"

ಸರ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾರ್ಗದರ್ಶಕರ ಸಹಿ ಇನ್ನೂ ಆಗಬೇಕಿತ್ತು. ಅವರು ಮೇಜಿನ ಮೇಲಿನ ಹೂಗುಚ್ಛವನ್ನು ನೋಡುತ್ತಿದ್ದರು.

"ನನ್ನ ತಪ್ಪು ಸರ್" ಎಂದಳು ಅಕ್ಕ. "ತೊಳೆಯುವಾಗ ನಾನು ಗಮನಿಸಲಿಲ್ಲ."

ಸಭಿಕರೂ ಪ್ರಶ್ನೆ ಕೇಳಬಹುದು ಎಂಬ ನಿಯಮವಿದೆ. ನನ್ನ ಕೈ ಎದ್ದಿತ್ತು. ಅಕ್ಕ ನನ್ನನ್ನೇ ನೋಡಿದಳು, ತಲೆಯನ್ನು ಒಂದಿಷ್ಟು ಆಡಿಸಿದಳು, ಬೇಡ ಎಂದು. ಅದು ಅವಳ ದಿನ, ನನ್ನದಲ್ಲ. ಕೈ ಇಳಿಸಿದೆ. ಸರ್ ಹೂಗುಚ್ಛದಿಂದ ಕಣ್ಣೆತ್ತಿ, ಆಶೀರ್ವಾದ ಮಾಡುವವರಂತೆ ಮುಗುಳ್ನಕ್ಕರು. ಪದವಿ ಸಿಕ್ಕಿತು. ಪೇಡಾ ಹಂಚಿದರು. ಕೊಕ್ಕನೂರಿನಿಂದ ಬಂದಿದ್ದ ಅವಳ ಅಪ್ಪ, ಅವ್ವ ಸರ್ ಕಾಲಿಗೆ ನಮಸ್ಕಾರ ಮಾಡಿದರು. "ಏಳ್ರಿ, ಏಳ್ರಿ, ಹುಡುಗಿ ಶಾಣ್ಯಾಳು, ಒಂದೀಟು ಅವಸರ ಅಷ್ಟೇ" ಎಂದು ಸರ್ ಅವರ ಭುಜ ಹಿಡಿದು ಎತ್ತಿದರು.

ಜನ ಕರಗಿದ ಮೇಲೆ ಕಾರಿಡಾರಿನಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಪ್ರಬಂಧದ ಒಂದು ಪ್ರತಿ.

"ಯಾಕ ಹಂಗ ಅಂದಿ?" ಎಂದೆ.

"ಸಹಿ ಬೇಕಿತ್ತಲ್ಲೇ, ಮಾರಾಯ್ತಿ."

"ನೀರಿನಿಂದ ಬಂತು ಅಂದಿದ್ರೆ ಸಾಕಿತ್ತು, ಅದು ಸುಳ್ಳಲ್ಲ, ಯಾರ ಹೆಸರೂ ಬರ್ತಿರಲಿಲ್ಲ. ಆ ಮನುಷ್ಯ ಕೇಳಿದ್ದು ಹೆಂಗೆ ಬಂತು ಅಂತ. ಯಾರ ತಪ್ಪು ಅಂತ ಕೇಳೇ ಇಲ್ಲ."

ಅವಳು ಪ್ರಬಂಧವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಕೆಳಗೆ ಅಂಗಳದಲ್ಲಿ ಅವಳ ಅಪ್ಪ ಸರ್ ಜೊತೆ ಫೋಟೋಕ್ಕೆ ನಿಂತಿದ್ದರು, ಅವಳನ್ನೂ ಬಾ ಎಂದು ಕೈ ಮಾಡುತ್ತಿದ್ದರು.

"ಒಂದು ಮುಳ್ಳಿಗೂ ಸಾಕ್ಷಿ ಇಲ್ದೆ ಹೆಸರಿಡಲ್ಲ ಅಂತ ನನ್ನ ಬೈದವಳು ನೀನು" ಎಂದೆ. "ಈ ತಪ್ಪಿಗೆ ಮಾತ್ರ ನಿನ್ನ ಹೆಸರು ಹೆಂಗೆ ಇಟ್ಟಿ, ಅಕ್ಕ?"